ಕಿಟಕಿಗೆ ತಿರುಗಿಸಿದರೆ ಬಣ್ಣಗೆಡುವ ಟಿ.ವಿ.

ಆಗಿನ್ನೂ ಮನೆಗೊಂದು ಟಿ.ವಿ. ಬಂದಿರಲಿಲ್ಲ. ಸಾತನೂರಿನಲ್ಲಿ ಬಸ್ಸಿಳಿದು ಅರ್ಧ ಗಂಟೆ ನಡೆದರೆ ಸಿಗುವ ನಮ್ಮೂರಿಗೆಲ್ಲ ಇದ್ದದ್ದು ಒಂದೇ ಕಲರ್ ಟಿ.ವಿ., ಅದು ಮರಿಗೌಡರ ಮನೆಯ ಹಜಾರದಲ್ಲಿ. ನನ್ನ ವಯಸ್ಸಿನ ಬಹಳ ಜನರಿಗೆ ಇಂಥದೊಂದು ನೆನಪು ಇರುತ್ತದೆ: ಯಾರದೋ ಮನೆ, ಯಾರದೋ ಕಿಟಕಿ, ಒಬ್ಬರ ಹೆಗಲ ಮೇಲೊಬ್ಬರು ಇಣುಕುವ ಮಕ್ಕಳು. ಅದನ್ನು ನಗುತ್ತಾ ಹೇಳಿಕೊಳ್ಳುವವರಿದ್ದಾರೆ. ನನಗೆ ನಗು ಬರುವುದಿಲ್ಲ, ಸಿಟ್ಟು ಬರುತ್ತದೆ. ಸಿಟ್ಟಿನಲ್ಲಿ ಬರೆದರೆ ವಿಷಯ ಹಾಳಾಗುತ್ತದೆ ಎನ್ನುವುದು ನನಗೆ ಗೊತ್ತು. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ, ನಾನು ಕಂಡದ್ದನ್ನೂ ಬೇರೆಯವರಿಂದ ಕೇಳಿದ್ದನ್ನೂ ಒಂದರೊಳಗೊಂದು ಕಲಸದೆ ಹೇಳುತ್ತೇನೆ.

ನಮ್ಮದು ಕೇರಿ. ಊರಿಗೂ ಕೇರಿಗೂ ನಡುವೆ ಇದ್ದದ್ದು ಮರಿಗೌಡರ ಹಿಪ್ಪುನೇರಳೆ ತೋಟ. ನಮ್ಮಪ್ಪ ಕಲ್ಲು ಒಡೆಯುವ ಕೆಲಸಕ್ಕೆ ಹೋಗಿ ವಾರಕ್ಕೊಮ್ಮೆ ಬರುತ್ತಿದ್ದ. ನಮ್ಮವ್ವ ಸಾಕಮ್ಮ ಗೌಡರ ಹುಳದ ಮನೆಯಲ್ಲಿ ಕೆಲಸ ಮಾಡುತ್ತಿದ್ದಳು. ಹುಳದ ಮನೆ ಎಂದರೆ ರೇಷ್ಮೆ ಹುಳ ಮೇಯಿಸುವ ಉದ್ದನೆಯ ಹಂಚಿನ ಮನೆ, ಗೌಡರ ವಾಸದ ಮನೆಯ ಹಿಂದೆಯೇ ಇತ್ತು. ಅಲ್ಲಿಗೆ ಅವ್ವ ಕಾಲು ತೊಳೆದುಕೊಂಡು ಒಳಗೆ ಹೋಗಬಹುದಿತ್ತು, ಹುಳದ ತಟ್ಟೆ ಮುಟ್ಟಬಹುದಿತ್ತು, ಸೊಪ್ಪು ಹಾಕಬಹುದಿತ್ತು. ಗೌಡರ ಹಜಾರಕ್ಕೆ ಮಾತ್ರ ಹೋಗುವಂತಿರಲಿಲ್ಲ. ಎರಡರ ನಡುವೆ ಇದ್ದದ್ದು ಒಂದು ಗೋಡೆ. ಇದು ವಿಚಿತ್ರ ಎಂದು ಆಗ ನನಗೆ ಅನ್ನಿಸಿರಲಿಲ್ಲ. ಎಲ್ಲರಿಗೂ ಹಾಗೇ ಇದ್ದಿತು.

ಟಿ.ವಿ. ಇದ್ದದ್ದು ಚಕ್ರದ ಸ್ಟ್ಯಾಂಡಿನ ಮೇಲೆ. ಹಗಲೆಲ್ಲ ಸೋಫಾದ ಕಡೆ ಮುಖ ಮಾಡಿಕೊಂಡಿರುತ್ತಿತ್ತು. ಸಂಜೆ ನಾವು ಅಂಗಳಕ್ಕೆ ಬಂದು ಕೂತ ಮೇಲೆ ಗೌಡರು ಅದನ್ನು ಉತ್ತರದ ಕಿಟಕಿಗೆ ತಿರುಗಿಸುತ್ತಿದ್ದರು. ಒಳಗಿನವರು ಕುರ್ಚಿ ಎಳೆದುಕೊಂಡು ಪಕ್ಕದಿಂದ ನೋಡುತ್ತಿದ್ದರು. ಕಿಟಕಿಯ ಕಂಬಿಗಳು ಚಿತ್ರವನ್ನು ಉದ್ದುದ್ದ ಸೀಳಿದ ಹಾಗೆ ಕಾಣುತ್ತಿತ್ತು. ನಮಗೆ ಅಷ್ಟೇ ಸಾಕಾಗಿತ್ತು.

ಅದೇನೂ ಪುಕ್ಕಟೆಯಲ್ಲ. ಅವರೆಕಾಯಿ ಕಾಲ ಬಂತೆಂದರೆ ಅಂಗಳದಲ್ಲಿ ಮೊದಲೇ ಕುಕ್ಕೆಗಟ್ಟಲೆ ಕಾಯಿ ಸುರಿದಿರುತ್ತಿತ್ತು. ಟಿ.ವಿ. ನೋಡಲು ಬಂದವರು ಕಾಯಿ ಸುಲಿದುಕೊಡಬೇಕು. ಮನೆಗಾಗುವಷ್ಟು ಮನೆಗೆ, ಮಿಕ್ಕದ್ದು ಕನಕಪುರದ ಸಂತೆಗೆ. ಕಣ್ಣು ಕಿಟಕಿಯ ಮೇಲೆ, ಕೈ ಕಾಯಿಯ ಮೇಲೆ. ಚಳಿಗೆ ಬೆರಳು ಸೆಟೆದುಕೊಂಡಿರುತ್ತಿದ್ದವು, ಅವರೆಯ ಸೊಗಡು ಅಂಗೈಗೆ ಹತ್ತಿಕೊಂಡು ರಾತ್ರಿ ಮುದ್ದೆ ಉಣ್ಣುವಾಗಲೂ ಮೂಗಿಗೆ ಬಡಿಯುತ್ತಿತ್ತು. ಸುಲಿಯುವುದು ನಮ್ಮದು. ಕಾಳನ್ನು ನೀರಿಗೆ ಹಾಕಿ ಹಿದುಕುವುದು ಒಳಗಿನವರದು, ಏಕೆಂದರೆ ನಾವು ನೀರು ಮುಟ್ಟುವ ಹಾಗಿರಲಿಲ್ಲ. ಒಣಗಿದ್ದು ನಡೆಯುತ್ತಿತ್ತು, ಒದ್ದೆಯಾದದ್ದು ನಡೆಯುತ್ತಿರಲಿಲ್ಲ. ಸಿಪ್ಪೆಯನ್ನು ದನಕ್ಕೆ ಅಂತ ಮನೆಗೆ ಒಯ್ಯಬಹುದಿತ್ತು. ಅದು ದೊಡ್ಡ ಉಪಕಾರ ಎಂಬಂತೆ ಗೌಡ್ರಮ್ಮ ಹೇಳುತ್ತಿದ್ದರು.

ಕೇರಿಯ ಕಾಳಣ್ಣ ಎಂಬಾತ ಅಂಗಳದ ನಗೆಗಾರ. ಸುಲಿಯುತ್ತಾ ಸುಲಿಯುತ್ತಾ ಬಾಯಿಗೊಂದು ಎಳೇ ಕಾಳು ಎಸೆದುಕೊಂಡು, "ಅಮ್ಮಿ ಮಂಜಿ, ಒಸಿ ಸರ್ಕೊ, ಆ ಹೀರೋಯಿನ್ನು ನನ್ನೇ ನೋಡ್ತಾವ್ಳೆ" ಎನ್ನುತ್ತಿದ್ದ. ಮಂಜಿ ಎಂದರೆ ನಾನು, ಮಂಜುಳ.

"ನಿನ್ನ ನೋಡಿದ್ರೆ ಆವಮ್ಮ ಕಣ್ಮುಚ್ಕೊತಾಳೆ, ಸುಮ್ಕಿರಣ್ಣ" ಎಂದು ಯಾರಾದರೂ ಹೇಳಿದರೆ ಅಂಗಳವೆಲ್ಲ ನಗುತ್ತಿತ್ತು.

ಟಿ.ವಿ. ಹೊಸದಾಗಿದ್ದಾಗ ಅದನ್ನು ಹಾಕಿದ ಕೂಡಲೇ ಒಳಗಿಂದ 'ಗುಂಯ್' ಎಂದೊಂದು ಸದ್ದು ಬರುತ್ತಿತ್ತು. ದೊಡ್ಡ ದುಂಬಿಯೊಂದು ಪೆಟ್ಟಿಗೆಯೊಳಗೆ ರೆಕ್ಕೆ ಬಡಿದ ಹಾಗೆ, ಒಂದು ಉಸಿರಿನಷ್ಟು ಹೊತ್ತು. ನಾವು ಮಕ್ಕಳು ಕುಂಟೆಬಿಲ್ಲೆ ಆಡುವಾಗ ಅದನ್ನೇ ಅನುಕರಿಸುತ್ತಿದ್ದೆವು. ಗುಂಯ್ ಎನ್ನುವವರೆಗೂ ಯಾರೂ ಕಾಲು ಎತ್ತುವಂತಿರಲಿಲ್ಲ. ಕೆಲವು ವರ್ಷ ಕಳೆದ ಮೇಲೆ ಆ ಸದ್ದು ನಿಂತುಹೋಯಿತು. ಯಾವಾಗ ನಿಂತಿತೋ ಯಾರೂ ಗಮನಿಸಲಿಲ್ಲ.

ಅದೇ ಸುಮಾರಿಗೆ ಕಲೆ ಕಾಣಿಸಿಕೊಂಡಿತು. ನಾನಾಗ ಏಳನೇ ಕ್ಲಾಸಿನಲ್ಲಿದ್ದೆ. ಒಂದು ಸಂಜೆ ಗೌಡರು ಟಿ.ವಿ. ತಿರುಗಿಸುತ್ತಿದ್ದಂತೆ ಪರದೆಯ ಮೇಲಿನ ಮೂಲೆ ನೇರಳೆ ಬಣ್ಣಕ್ಕೆ ತಿರುಗಿತು. ಕೆಳಗಿನ ಇನ್ನೊಂದು ಮೂಲೆ ಹಸಿರಾಯಿತು. ವಾರ್ತೆ ಓದುತ್ತಿದ್ದ ಹೆಂಗಸಿನ ಒಂದು ಕಡೆಯ ಕೆನ್ನೆ ಹಸಿರು, ಹಣೆ ನೇರಳೆ. ಯಾರಾದರೂ ಎಡಕ್ಕೆ ನಡೆದರೆ ಮನುಷ್ಯ, ಬಲಕ್ಕೆ ನಡೆದರೆ ಕಪ್ಪೆ.

"ಇದ್ಯಾಕ್ಲಾ ಇಂಗಾಯ್ತು? ಆವಮ್ಮಂಗೆ ಯಾರೋ ಸುಗ್ಗೀಲೇ ಓಕುಳಿ ಎರಚ್ಬುಟ್ಟವ್ರೆ" ಎಂದ ಕಾಳಣ್ಣ. ಎಲ್ಲರೂ ನಕ್ಕೆವು.

ಗೌಡರು ನಗಲಿಲ್ಲ. ಟಿ.ವಿ.ಯ ತಲೆಗೆ ಎರಡು ಬಾರಿಸಿದರು. ಕಲೆ ಹೋಗಲಿಲ್ಲ. ಸ್ಟ್ಯಾಂಡನ್ನು ಸೋಫಾದ ಕಡೆಗೆ ತಿರುಗಿಸಿದರು. ಕಲೆ ಹೋಯಿತು. ಮತ್ತೆ ಕಿಟಕಿಗೆ ತಿರುಗಿಸಿದರು, ಕಲೆ ಬಂತು. ಮಾರನೇ ದಿನವೂ ಅದೇ, ಅದರ ಮಾರನೇ ದಿನವೂ ಅದೇ. ಒಳಗಿನವರು ನೋಡುವಾಗ ಎಲ್ಲರ ಮುಖವೂ ಮುಖದ ಬಣ್ಣದಲ್ಲಿರುತ್ತಿತ್ತು. ನಮ್ಮ ಕಡೆ ತಿರುಗಿಸಿದ ತಕ್ಷಣ ಕೆಡುತ್ತಿತ್ತು.

ಇದರಿಂದ ಗೌಡರ ಮನೆಯವರು ಏನನ್ನು ತಿಳಿದುಕೊಂಡರು ಎಂಬುದು ಈಗ ಊಹಿಸಲು ಕಷ್ಟವಲ್ಲ. ಹುಳದ ಮನೆಯ ಲೆಕ್ಕವೇ ಹಾಗೆ. ಹುಳಕ್ಕೆ ರೋಗ ಬಂದರೆ ಮೊದಲು ಹುಡುಕುವುದು ಯಾರು ಬಂದು ಹೋದರು, ಯಾರು ನೋಡಿದರು ಎಂದು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಾರೆ, ಹೊರಗಿನವರನ್ನು ಬಿಡುವುದಿಲ್ಲ. ಆ ಲೆಕ್ಕವನ್ನು ಗೌಡ್ರಮ್ಮ ಹುಳದ ಮನೆಯಿಂದ ಎತ್ತಿ ತಂದು ಹಜಾರದಲ್ಲಿಟ್ಟರು. ಸುಲಿದ ಕಾಳನ್ನು ನಮ್ಮ ಕುಕ್ಕೆಯಿಂದ ಮೊರಕ್ಕೆ ಬಗ್ಗಿಸಿಕೊಳ್ಳುತ್ತಾ ಎಲ್ಲರಿಗೂ ಕೇಳುವಂತೆ ಹೇಳಿದರು:

"ಅಷ್ಟೊಂದ್ ಜನ ಬಾಯ್ಬುಟ್ಕಂಡ್ ನೋಡುದ್ರೆ ಇನ್ನೇನಾಯ್ತದೆ? ಹಾಲೇ ಒಡೀತದೆ, ಟಿ.ವಿ. ಯಾವ್ ಲೆಕ್ಕ."

ಅದಾದ ಒಂದೆರಡು ದಿನಕ್ಕೆ ಕನಕಪುರದಿಂದ ಸ್ಕೂಟರಿನಲ್ಲಿ ರಿಪೇರಿಯವರು ಬಂದರು. ಅದು ನಾನು ಕಂಡದ್ದು. ಚರ್ಮದ ಚೀಲ ಹಿಡಿದುಕೊಂಡು ಒಳಗೆ ಹೋದರು, ಸ್ವಲ್ಪ ಹೊತ್ತಿಗೆ ಟೀ ಕುಡಿದ ಲೋಟ ಜಗಲಿಯ ಮೇಲಿಟ್ಟು ಹೊರಟರು. ಸಂಜೆ ಗೌಡರು ಅಂಗಳಕ್ಕೆ ಬಂದು ನಿಂತರು.

"ರಿಪೇರಿಯೋರು ಬಿಚ್ಚಿ ನೋಡುದ್ರು. ಸೆಟ್ಟಲ್ಲಿ ಏನೂ ಕೆಟ್ಟಿಲ್ವಂತೆ. ಇನ್ಮೇಲೆ ಕಿಟ್ಕಿಗೆ ತಿರುಗ್ಸಾಕಿಲ್ಲ. ಸುಮ್ನೆ ಕಣ್ಣು ಬಿದ್ದು ಸಾವ್ರಾರು ರೂಪಾಯ್ ಸಾಮಾನು ಹಾಳಾಗೋದು ಬ್ಯಾಡ. ಬೇಕಾದ್ರೆ ಕೂತ್ಕಂಡ್ ಕೇಳ್ಕಳಿ."

ಕಾಳಣ್ಣ ತಲೆ ತಗ್ಗಿಸಿ ಇನ್ನೊಂದು ಕಾಯಿ ಎತ್ತಿಕೊಂಡ. ಅಂದಿನಿಂದ ನಾವು ಟಿ.ವಿ.ಯ ಬೆನ್ನು ನೋಡುತ್ತಾ ಕಾಯಿ ಸುಲಿದೆವು. ಜನ ಯಾಕೆ ಎದ್ದು ಹೋಗಲಿಲ್ಲ ಎಂದು ನೀವು ಕೇಳಬಹುದು. ಗೌಡರ ತೋಟದಲ್ಲಿ, ಗೌಡರ ಹುಳದ ಮನೆಯಲ್ಲಿ ಮಾರನೇ ದಿನದ ಕೂಲಿ ಇತ್ತು. ಅಷ್ಟೇ ಉತ್ತರ.

ಗೌಡರ ಮಗಳು ಸುಧಾ ನನ್ನ ಕ್ಲಾಸಿನವಳು. ಒಂದು ದಿನ ಸ್ಕೂಲಿನ ಹಿಂದೆ ಹುಣಸೆಕಾಯಿ ಉಪ್ಪಿಗೆ ಅದ್ದಿಕೊಂಡು ತಿನ್ನುವಾಗ ತಾನಾಗಿಯೇ ಹೇಳಿದಳು.

"ಮಂಜಿ, ಒಂದ್ ವಿಷ್ಯ. ಬೆಳಿಗ್ಗೆ ಕಸ ಹೊಡೀವಾಗ ಟಿ.ವಿ. ಹಾಕೇ ಇತ್ತು. ನಾನೇ ಸ್ಟ್ಯಾಂಡ್ ತಿರುಗ್ಸಿದೆ. ಕಿಟ್ಕಿ ಮುಚ್ಚಿತ್ತು. ಅಂಗಳದಲ್ಲಿ ಒಂದ್ ಕೋಳೀನೂ ಇರ್ಲಿಲ್ಲ. ಆದ್ರೂ ಕಲೆ ಬಂತು ಕಣೆ."

"ನಿಮ್ಮಪ್ಪಂಗೆ ಹೇಳ್ದಾ?"

"ಹೇಳ್ದೆ."

"ಏನಂದ್ರು?"

"ಸುಮ್ನೆ ಓದ್ಕೊ ಹೋಗು ಅಂದ್ರು."

ನಾನು ಓಡಿಹೋಗಿ ಅವ್ವನಿಗೆ ಹೇಳಿದೆ. ಅವ್ವ ಒಲೆ ಊದುತ್ತಿದ್ದಳು. ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು, "ಗೊತ್ತಿರೋರ್ಗೆ ಗೊತ್ತಿರ್ತದೆ. ನೀನ್ ಹೋಗಿ ಹೇಳ್ಬ್ಯಾಡ" ಎಂದಳು. ಅವ್ವನ ಮುಖದಲ್ಲಿ ಆಶ್ಚರ್ಯವಿರಲಿಲ್ಲ.

ಇದಕ್ಕೆ ಸ್ವಲ್ಪ ಮೊದಲು, ಕಲೆ ಬರುವುದಕ್ಕೂ ಮುಂಚೆ, ಊರಿಗೆ ಕ್ಯಾಮೆರಾದವರು ಬಂದು ಹೋಗಿದ್ದರು. ಸರ್ಕಾರಿ ಚಾನೆಲ್ಲಿನ ಸಂಜೆಯ ಕೃಷಿ ಕಾರ್ಯಕ್ರಮಕ್ಕೆ ರೇಷ್ಮೆ ಸಾಕಣೆಯ ಬಗ್ಗೆ ಚಿತ್ರ ತೆಗೆಯುವವರು. ಗೌಡರ ಹುಳದ ಮನೆ ಸುತ್ತಲ ಹಳ್ಳಿಗಳಿಗೆಲ್ಲ ದೊಡ್ಡದಾದ್ದರಿಂದ ಅಲ್ಲಿಗೇ ಬಂದಿದ್ದರು. ಗೌಡರು ಬಿಳಿ ಅಂಗಿ ತೊಟ್ಟು ಕ್ಯಾಮೆರಾ ಮುಂದೆ ಬಹಳ ಹೊತ್ತು ಮಾತಾಡಿದರು. ಆದರೆ ಅಂದು ಹುಳ ಹಣ್ಣಾಗುವ ದಿನ. ಹಣ್ಣಾಗುವುದು ಎಂದರೆ ಹುಳ ಮೇವು ಬಿಟ್ಟು, ಮೈ ತಿಳಿಯಾಗಿ, ಗೂಡು ಕಟ್ಟಲು ತಯಾರಾಗುವುದು. ಅಂಥ ಹುಳವನ್ನು ಗುರುತಿಸಿ ಒಂದೊಂದಾಗಿ ಆಯ್ದು ಚಂದ್ರಿಕೆಗೆ, ಅಂದರೆ ಬಿದಿರಿನ ಸುತ್ತು ಸುತ್ತಾದ ತಟ್ಟಿಗೆ ಬಿಡಬೇಕು. ಬೇಗ ಆಯ್ದರೂ ಕೆಟ್ಟಿತು, ತಡವಾದರೂ ಕೆಟ್ಟಿತು. ಈ ಕೆಲಸದಲ್ಲಿ ನಮ್ಮವ್ವನ ಕಣ್ಣು ಇಡೀ ಊರಿಗೆ ಗೊತ್ತಿತ್ತು. ಆಚೆ ಹಳ್ಳಿಯವರೂ ಹಣ್ಣಿನ ದಿನ ಅವಳನ್ನು ಕೇಳಿಕೊಂಡು ಬರುತ್ತಿದ್ದರು.

ಕ್ಯಾಮೆರಾದವರ ಜೊತೆ ಬಂದಿದ್ದ ಹೆಣ್ಣುಮಗಳು ಕೈಯಲ್ಲಿ ಮೈಕು ಹಿಡಿದು ಅವ್ವನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಕೇಳಿದರು: "ಅಮ್ಮಾ, ಹಣ್ಣಾಗಿದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?"

ಬಾಗಿಲಲ್ಲಿ ನಾನೂ ಇದ್ದೆ. ಅವ್ವ ಮೊದಲು ಗೌಡರ ಕಡೆ ನೋಡಿದಳು. ಆಮೇಲೆ ಒಂದು ಹುಳವನ್ನು ಬೆರಳ ಮೇಲೆ ತೆಗೆದುಕೊಂಡು ಬೆಳಕಿಗೆ ಹಿಡಿದಳು.

"ಇಂಗೆ ಬೆಳಕಿಗೆ ಇಡುದ್ರೆ ಈಚೆ ಬದಿಯಿಂದ ಆಚೆ ಬದಿ ಕಾಣ್ತದೆ ನೋಡಿ. ಜೇನುತುಪ್ಪ ಇದ್ದಂಗೆ. ಕತ್ತು ಎತ್ತಿ ಎತ್ತಿ ಹುಡುಕ್ತದೆ, ನನ್ ಮನೆ ಎಲ್ಲಿ ಅಂತ. ಅದು ಕೇಳೋ ಹೊತ್ಗೆ ನಾವು ಕೊಟ್ಬುಡ್ಬೇಕು."

ಆ ಹೆಣ್ಣುಮಗಳು, "ಎಷ್ಟು ಚೆನ್ನಾಗಿ ಹೇಳಿದ್ರಿ ಅಮ್ಮಾ. ಇದು ಖಂಡಿತ ಬರುತ್ತೆ" ಎಂದರು. ಅವ್ವನಿಗೆ 'ಅಮ್ಮಾ, ನೀವು' ಎಂದು ಆ ಹುಳದ ಮನೆಯೊಳಗೆ ಯಾರಾದರೂ ಹೇಳಿದ್ದು ನಾನು ಕೇಳಿದ್ದು ಅದೊಂದೇ ಸಲ.

ಅವ್ವ ಹೆಚ್ಚು ಮಾತಿನವಳಲ್ಲ. ಆದರೆ ಆಮೇಲೆ ಪ್ರತಿ ವಾರವೂ ಒಂದು ನೆವ ಮಾಡಿಕೊಂಡು ಗೌಡ್ರಮ್ಮನನ್ನು ಕೇಳುತ್ತಿದ್ದಳು: "ಅವ್ವಾರೆ, ಅದ್ಯಾವತ್ತು ಬತ್ತದಂತೆ?" ನಮ್ಮ ಮನೆಯಲ್ಲಿ ಇದ್ದದ್ದು ಅಂಗೈಯಷ್ಟು ಕನ್ನಡಿ, ಅದರಲ್ಲಿ ಹಣೆ ಕಂಡರೆ ಗಲ್ಲ ಕಾಣುತ್ತಿರಲಿಲ್ಲ. ಫೋಟೋ ಯಾರೂ ತೆಗೆದಿರಲಿಲ್ಲ. ತಾನು ಮಾತಾಡುವಾಗ, ಹುಳ ಆಯುವಾಗ ಹೇಗೆ ಕಾಣುತ್ತೇನೆ ಎಂದು ಅವಳಿಗೆ ಗೊತ್ತಿರಲಿಲ್ಲ. ಅದನ್ನು ನೋಡಬೇಕೆಂಬ ಆಸೆ ಅವಳಿಗಿತ್ತು. ಅವಳು ಬೇಕು ಎಂದು ಬಾಯಿಬಿಟ್ಟು ಕೇಳಿದ ವಸ್ತುಗಳು ನನಗೆ ಹೆಚ್ಚು ನೆನಪಿಲ್ಲ. ಇದು ನೆನಪಿದೆ.

ಕೊನೆಗೂ ಗೌಡರ ಮನೆಗೆ ಫೋನು ಬಂತು. ನಾಡಿದ್ದು ಸಂಜೆ ಬರುತ್ತದೆ ಎಂದು. ಅಷ್ಟರಲ್ಲಿ ಟಿ.ವಿ.ಗೆ ಕಲೆ ಬಂದು, ಕಿಟಕಿಗೆ ತಿರುಗಿಸುವುದು ನಿಂತಾಗಿತ್ತು.

ಅವ್ವ ಹಿತ್ತಲ ಬಾಗಿಲಲ್ಲಿ ನಿಂತು ಕೇಳಿದಳು. ನಾನು ಅವಳ ಸೆರಗು ಹಿಡಿದು ನಿಂತಿದ್ದೆ.

"ಅವ್ವಾರೆ, ಅದೊಂದಿನ ಒಸಿ ಈ ಕಡೆ ತಿರುಗ್ಸಿ. ಹಸುರಾದ್ರೂ ಚಿಂತಿಲ್ಲ, ನೇರಳೆ ಆದ್ರೂ ಚಿಂತಿಲ್ಲ."

"ಆಯ್ತು ಬಾ, ನೋಡಾನ" ಎಂದರು ಗೌಡ್ರಮ್ಮ. "ಕಾಯಿ ಜಾಸ್ತಿ ಬಂದೈತೆ. ಒಸಿ ಬೇಗ್ನೆ ಬನ್ನಿ ಎಲ್ರೂವೆ."

ಬೇಗನೇ ಹೋದೆವು. ಕೇರಿಯಲ್ಲಿ ಆಗುವವರೆಲ್ಲ ಬಂದಿದ್ದರು. ಅವ್ವ ತಲೆಗೆ ನೀರು ಹಾಕಿಕೊಂಡು, ಅತ್ತಿಗೆಯ ಹತ್ತಿರ ಕೇಳಿ ತಂದ ಸೀರೆ ಉಟ್ಟಿದ್ದಳು. "ಟಿ.ವಿ.ಯೊಳ್ಗೆ ಇರೋ ಸಾಕವ್ವ ಈಚೆ ಇರೋ ಸಾಕವ್ವನ್ನ ನೋಡಿ ಗುರ್ತು ಹಿಡೀಬೇಕಲ್ಲ, ಅದ್ಕೇ ಈ ಸಿಂಗಾರ" ಎಂದ ಕಾಳಣ್ಣ. ಅವ್ವ ಅವನ ಮೇಲೆ ಒಂದು ಹಿಡಿ ಸಿಪ್ಪೆ ಎಸೆದಳು. ಅವಳು ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಬೇರೆ ಸಂದರ್ಭದಲ್ಲಿ ಕಂಡಿಲ್ಲ. ಕುಕ್ಕೆಗಳು ಒಂದೊಂದಾಗಿ ಖಾಲಿಯಾದವು. ಅಂದು ಎಂದಿಗಿಂತ ಬೇಗ ಕೈ ಓಡುತ್ತಿತ್ತು.

ಹಜಾರದಲ್ಲಿ ಗೌಡರ ನೆಂಟರು ಸೇರಿದ್ದರು. ಕನಕಪುರದಿಂದ, ಚನ್ನಪಟ್ಟಣದಿಂದ ಬಂದವರು. ತಮ್ಮ ಮನೆಯ ಗೌಡರು ಟಿ.ವಿ.ಯಲ್ಲಿ ಬರುವುದನ್ನು ನೋಡಲು ಬಂದವರು. ಕಾರ್ಯಕ್ರಮದ ಹಾಡು ಶುರುವಾಯಿತು. ಟಿ.ವಿ. ಇನ್ನೂ ಸೋಫಾದ ಕಡೆಗೇ ಇತ್ತು. ನಮಗೆ ಕಾಣುತ್ತಿದ್ದದ್ದು ಅದರ ಕಪ್ಪು ಬೆನ್ನು, ಬೆನ್ನಿನ ಸೀಳುಗಳಿಂದ ಒಳಗಿನ ಕೆಂಪು ಬೆಳಕು.

ಅವ್ವ ಎದ್ದು ಕಿಟಕಿಯ ಹತ್ತಿರ ಹೋದಳು. "ಬುದ್ಧಿ, ಒಸಿ ತಿರುಗ್ಸಿ."

ಗೌಡರು ಕೂತಲ್ಲಿಂದಲೇ ಹೇಳಿದರು: "ಸುಮ್ಕಿರು ಸಾಕಿ, ನೆಂಟ್ರು ಬಂದವ್ರೆ. ತಿರುಗ್ಸುದ್ರೆ ಬಣ್ಣ ಕೆಡ್ತದೆ. ಕೇಳ್ತದಲ್ಲ, ಕೇಳ್ಕೊ."

"ನಾನ್ ಬರೋ ಹೊತ್ಗಾದ್ರೂ ಬುದ್ಧಿ. ಒಂದ್ ಗಳಿಗೆ."

ಒಳಗಿನಿಂದ ಯಾರೋ ನೆಂಟರು ನಕ್ಕರು. "ಏನ್ ಸಿನಿಮಾ ಸ್ಟಾರ್ ನೋಡಪ್ಪ" ಎಂದರು. ಇನ್ನಷ್ಟು ಜನ ನಕ್ಕರು.

ಅವ್ವ ಕಿಟಕಿಯ ಕಂಬಿ ಹಿಡಿದುಕೊಂಡು ನಿಂತೇ ಇದ್ದಳು. ಮೊದಲು ಗೌಡರ ದನಿ ಬಂತು. ಸೊಪ್ಪು, ಗೊಬ್ಬರ, ಮೊಟ್ಟೆ, ರಾಮನಗರದ ಗೂಡಿನ ಮಾರುಕಟ್ಟೆ. ಒಳಗೆ ಚಪ್ಪಾಳೆ ಬಿತ್ತು. ಆಮೇಲೆ ಆ ಹೆಣ್ಣುಮಗಳ ದನಿ: ಅಮ್ಮಾ, ಹಣ್ಣಾಗಿದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ. ಆಮೇಲೆ ನಮ್ಮವ್ವನ ದನಿ. ಅಂಗಳದಲ್ಲಿ ಸುಲಿಯುವ ಕೈಗಳು ನಿಂತವು. ಜೇನುತುಪ್ಪ ಇದ್ದಂಗೆ, ಎಂದಿತು ಪೆಟ್ಟಿಗೆ. ನನ್ ಮನೆ ಎಲ್ಲಿ ಅಂತ, ಎಂದಿತು. ಟಿ.ವಿ.ಯ ಬೆಳಕು ನೆಂಟರ ಮುಖಗಳ ಮೇಲೆ ಅರಿಸಿನದ ಬಣ್ಣದಲ್ಲಿ ಆಡುತ್ತಿತ್ತು. ಅವ್ವ ನೋಡುತ್ತಿದ್ದದ್ದು ಆ ಮುಖಗಳನ್ನು. ತನ್ನನ್ನು ನೋಡುತ್ತಿರುವವರ ಮುಖಗಳನ್ನು ಅವಳು ನೋಡಿದಳು. ಅಷ್ಟರಲ್ಲಿ ಮುಗಿಯಿತು. ಗೊಬ್ಬರದ ಜಾಹೀರಾತು ಬಂತು.

ಅವ್ವ ಕಂಬಿ ಬಿಟ್ಟು ಬಂದು ನನ್ನ ಕೈ ಹಿಡಿದುಕೊಂಡಳು. "ನಡಿ" ಎಂದಳು. ಸಿಪ್ಪೆಯನ್ನು ಅಲ್ಲೇ ಬಿಟ್ಟಳು.

ಮಾರನೇ ದಿನ ಸುಧಾ ತಾನು ಕಂಡದ್ದನ್ನು ಹೇಳಿದಳು. ನಿಮ್ಮವ್ವನ ಮುಖ ಪರದೆ ತುಂಬ ಬಂದಿತ್ತು, ಹುಳ ನಿಜವಾಗಿ ಜೇನಿನ ಬಣ್ಣದಲ್ಲಿತ್ತು, ಒಂದು ಕಲೆಯೂ ಇರಲಿಲ್ಲ ಎಂದು. ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ಅವ್ವನಿಗೆ ಹೇಳಿದೆ. ಅವ್ವ, "ನಾನ್ ನಗ್ತಿದ್ನಂತಾ?" ಎಂದು ಕೇಳಿದಳು. ಸುಧಾಳನ್ನು ನಾನು ಅದನ್ನು ಕೇಳಿರಲಿಲ್ಲ. ಮತ್ತೆ ಹೋಗಿ ಕೇಳಿದೆ. ಅವಳಿಗೆ ನೆನಪಿರಲಿಲ್ಲ.

ಆಮೇಲೆ ನಡೆದದ್ದಕ್ಕೆ ನಾನೇ ಸಾಕ್ಷಿ. ಮುಂದಿನ ಬೆಳೆಯ ಹುಳ ಹಣ್ಣಾಗುವ ದಿನ. ಬೆಳಿಗ್ಗೆಯೇ ಆಳು ಬಂದು ಕರೆದು ಹೋದ, ಅವ್ವ ಹೋಗಲಿಲ್ಲ. ಬಿಸಿಲೇರುವ ಹೊತ್ತಿಗೆ ಗೌಡರೇ ಬಂದರು. ಕೇರಿಯೊಳಗೆ ಬರಲಿಲ್ಲ, ಕೇರಿಯ ಬಾಯಲ್ಲಿದ್ದ ಹೊಂಗೆಮರದ ಕೆಳಗೆ ನಿಂತು ಕೂಗಿದರು.

"ಸಾಕಿ, ಹುಳ ಹಣ್ಣಾಗವೆ. ಏನ್ಮಾಡ್ತಿದ್ದೀಯ ಮನೇಲಿ? ಬೇಗ ಬಾ."

ಅವ್ವ ಹೊಸ್ತಿಲಲ್ಲಿ ರಾಗಿ ಕೇರುತ್ತಿದ್ದಳು. ಮೊರ ಕೆಳಗಿಟ್ಟು ಎದ್ದು ನಿಂತಳು.

"ನಾನ್ ಬರಾಕಿಲ್ಲ ಬುದ್ಧಿ."

"ಯಾಕೆ? ಮೈ ಸರಿಗಿಲ್ವಾ?"

"ಮೈ ಸರಿಗೈತೆ. ಕಣ್ಣೇ ಸರಿಗಿಲ್ಲ. ನಮ್ ಕಣ್ಣು ಬಿದ್ರೆ ಟಿ.ವಿ.ನೇ ಬಣ್ಣ ಕೆಡ್ತದೆ ಅಂದ್ರಲ್ಲ. ಹುಳ ಇನ್ನೂ ಎಳೇ ಜೀವ. ನಾನ್ ನೋಡಿ ಕೆಟ್ಟೋದ್ರೆ ನಿಮ್ಗೇ ನಷ್ಟ."

ಕೇರಿಯ ಬಾಗಿಲುಗಳಲ್ಲಿ ಜನ ನಿಂತಿದ್ದರು. ಕಾಳಣ್ಣ ಕೆಮ್ಮುವ ಹಾಗೆ ಮಾಡಿ ಮುಖ ತಿರುಗಿಸಿಕೊಂಡ.

"ಏನಮ್ಮಿ, ಮಾತು ಕಲ್ತ್ಬುಟ್ಟೆ? ಟಿ.ವಿ.ಲಿ ಬಂದ್ಬುಟ್ಟೆ ಅಂತಾನಾ?"

"ಬಂದ್ನೋ ಇಲ್ವೋ, ನಾನೇನ್ ನೋಡ್ಲಿಲ್ವಲ್ಲ ಬುದ್ಧಿ."

ಗೌಡರು ಇನ್ನೂ ಏನೇನೋ ಅಂದರು. ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅವ್ವ ಕೂತು ರಾಗಿ ಕೇರಿದಳು. ಕಾಳು ಮೊರದಾಚೆ ಬೀಳುತ್ತಿತ್ತು. ಬೇರೆ ಹೆಂಗಸರು ಕೆಲಸಕ್ಕೆ ಹೋದರು, ಅವರನ್ನು ನಾನು ದೂರುವುದಿಲ್ಲ. ಆ ಬೆಳೆಯಲ್ಲಿ ಹಣ್ಣಾದ ಹುಳ, ಹಣ್ಣಾಗದ ಹುಳ ಎಲ್ಲ ಒಟ್ಟಿಗೆ ಚಂದ್ರಿಕೆಗೆ ಬಿದ್ದು, ತೆಳ್ಳನೆ ಗೂಡೇ ಹೆಚ್ಚಾಗಿ, ರಾಮನಗರದಲ್ಲಿ ರೇಟು ಸಿಗಲಿಲ್ಲ ಎಂದು ಊರಲ್ಲಿ ಮಾತಾಡಿಕೊಂಡರು. ಅದು ಕೇಳಿದ್ದು. ಕಂಡದ್ದೆಂದರೆ, ಅಂದಿನಿಂದ ಗೌಡರ ಮನೆಯಲ್ಲಾಗಲಿ ತೋಟದಲ್ಲಾಗಲಿ ಅವ್ವನಿಗೆ ಕೆಲಸವಿರಲಿಲ್ಲ. ಬೆಳಗಾಗುವ ಮುಂಚೆ ಎದ್ದು ಆಚೆ ಹಳ್ಳಿಗೆ ನಡೆದು ಹೋಗಿ ಕೂಲಿ ಮಾಡಿ, ಕತ್ತಲಾದ ಮೇಲೆ ಬರುತ್ತಿದ್ದಳು. ಅವಳ ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತು. ನಾನು ಹರಳೆಣ್ಣೆ ಹಚ್ಚುತ್ತಿದ್ದೆ.

ಕೆಲವು ವರ್ಷಗಳ ನಂತರ ಕನಕಪುರದಲ್ಲಿ ಹಾಸ್ಟೆಲಿನಲ್ಲಿದ್ದು ಪಿ.ಯು. ಓದುತ್ತಿದ್ದೆ. ಹಾಸ್ಟೆಲಿನ ಹಳೇ ಟಿ.ವಿ.ಗೆ ಒಂದು ದಿನ ಅದೇ ಕಲೆ ಬಂತು. ಒಂದು ಮೂಲೆ ನೇರಳೆ, ಒಂದು ಮೂಲೆ ಹಸಿರು. ನಾವು ಹುಡುಗಿಯರು ಅದನ್ನು ಆಟೋದಲ್ಲಿ ಹಾಕಿಕೊಂಡು ರಿಪೇರಿ ಅಂಗಡಿಗೆ ಒಯ್ದೆವು. ಅಂಗಡಿಯವರ ಹೆಸರು ರಿಯಾಜ್, ಎಲ್ಲರೂ ಭಾಯಿ ಎನ್ನುತ್ತಿದ್ದರು. ತಂತಿ ಸುತ್ತಿದ ದೊಡ್ಡ ಬಳೆಯಂಥದ್ದೊಂದನ್ನು ಕರೆಂಟಿಗೆ ಹಾಕಿ, ಪರದೆಯ ಮುಂದೆ ಸುತ್ತಾಗಿ ಆಡಿಸುತ್ತಾ ಹಿಂದೆ ಹಿಂದೆ ಸರಿದರು. ಪರದೆಯಲ್ಲಿ ಬಣ್ಣಗಳು ಎಣ್ಣೆ ಬಿದ್ದ ನೀರಿನ ಹಾಗೆ ಕಲಸಿ, ಸುಳಿದು, ತಿಳಿಯಾದವು. ಕಲೆ ಹೋಯಿತು.

ನಾನು ನಿಂತಲ್ಲೇ ನಿಂತೆ. "ಭಾಯಿ, ಈ ಕಲೆ ಯಾಕೆ ಬರುತ್ತೆ?"

"ಭೂಮಿಗೆ ಅಯಸ್ಕಾಂತದ ಶಕ್ತಿ ಇದೆಯಲ್ಲಮ್ಮ. ಟ್ಯೂಬಿನ ಒಳಗೆ ತೂತು ತೂತಿನ ತಗಡು ಇರ್ತದೆ, ಅದಕ್ಕೆ ಆ ಶಕ್ತಿ ಹಿಡೀತದೆ. ಆಗ ಕೆಂಪಿನ ಜಾಗಕ್ಕೆ ಹಸಿರು ಬೀಳ್ತದೆ, ಹಸಿರಿನ ಜಾಗಕ್ಕೆ ನೀಲಿ. ಸೆಟ್ ಹಾಕ್ದಾಗ ಗುಂಯ್ ಅಂತದಲ್ಲ, ಆವಾಗ ತಾನೇ ಬಿಡಿಸ್ಕೊಳ್ತದೆ. ಹಳೇದಾದ್ರೆ ಆ ಪಾರ್ಟ್ ಹೋಗಿಬಿಡ್ತದೆ. ಆಮೇಲೆ ದಿಕ್ಕು ಬದಲಾಯಿಸಿದ್ರೆ ಕಲೆ ಬರ್ತದೆ, ವಾಪಸ್ ಇಟ್ರೆ ಹೋಗ್ತದೆ." ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಕಪ್ಪು ಡಬ್ಬಿಯೊಂದನ್ನು ತೋರಿಸಿದರು. "ಇಷ್ಟೇ. ಏನೂ ದೊಡ್ಡ ಖರ್ಚಿಲ್ಲ."

ನಾನು ನಮ್ಮೂರಿನ ಹೆಸರು ಹೇಳಿದೆ. ಮರಿಗೌಡರ ಮನೆ ಎಂದೆ.

"ಅರೆ, ಹೋಗಿದ್ನಲ್ಲಮ್ಮ ನಾನು! ದೊಡ್ಡ ಸೆಟ್ಟು, ಚಕ್ರದ ಸ್ಟ್ಯಾಂಡು. ಇದೇ ಪಾರ್ಟ್ ಹೋಗಿತ್ತು. ಗೌಡ್ರಿಗೆ ಹೇಳ್ದೆ, ತಿರುಗಿಸೋದ್ರಿಂದ ಬರ್ತಿದೆ ಅಂತ. ಪಾರ್ಟ್ ಚೀಲದಲ್ಲೇ ಇತ್ತು, ಹಾಕ್ತೀನಿ ಅಂದೆ. ಬೇಡ ಅಂದ್ರು."

"ಬೇಡ ಅಂದ್ರಾ?"

"ಹಾಂ. ನಮ್ಗೆ ಈ ಕಡೆ ಚೆನ್ನಾಗ್ ಕಾಣ್ತದೆ, ಆ ಕಡೆ ತಿರುಗಿಸೋ ಅವಶ್ಯಕತೆ ಇಲ್ಲ, ಹಿಂಗೇ ಇರ್ಲಿ ಅಂದ್ರು. ಟೀ ಕೊಟ್ರು, ಬಂದೆ."

ಅಲ್ಲಿಯವರೆಗೆ ನನ್ನ ಸಿಟ್ಟಿಗೆ ಒಂದು ವಿನಾಯಿತಿ ಇತ್ತು. ಗೌಡರಿಗೆ ಗೊತ್ತಿರಲಿಲ್ಲ, ಕಣ್ಣೆದುರಿಗೆ ಕಂಡದ್ದನ್ನು ನಂಬಿದರು, ತಿರುಗಿಸಿದಾಗಲೆಲ್ಲ ಕೆಡುತ್ತಿತ್ತಲ್ಲ ಎಂದುಕೊಳ್ಳುತ್ತಿದ್ದೆ. ಅಂದು ಆ ಅಂಗಡಿಯ ಮುಂದೆ ಆ ವಿನಾಯಿತಿ ಮುಗಿಯಿತು. ಅವರಿಗೆ ಗೊತ್ತಿತ್ತು. ಅಂಗಳದಲ್ಲಿ ನಿಂತು, ಸೆಟ್ಟಲ್ಲಿ ಏನೂ ಕೆಟ್ಟಿಲ್ಲ ಎಂದಾಗ ಗೊತ್ತಿತ್ತು. ನೆಂಟರ ಮುಂದೆ, ಕೇಳ್ಕೊ ಎಂದಾಗ ಗೊತ್ತಿತ್ತು. ಹೊಂಗೆಮರದ ಕೆಳಗೆ ನಿಂತು ಅವ್ವನನ್ನು ಬೈದಾಗ ಗೊತ್ತಿತ್ತು. ಟಿ.ವಿ. ಕೆಟ್ಟದ್ದರಿಂದ ಅವರಿಗೆ ಒಂದು ಅನುಕೂಲವಾಗಿತ್ತು, ಅದನ್ನು ರಿಪೇರಿ ಮಾಡಿಸಿ ಕಳೆದುಕೊಳ್ಳಲು ಅವರು ತಯಾರಿರಲಿಲ್ಲ. ಇದನ್ನು ಮೌಢ್ಯ ಎಂದು ಯಾರಾದರೂ ಕರೆದರೆ ನಾ ಒಪ್ಪುವುದಿಲ್ಲ. ಮೌಢ್ಯಕ್ಕೆ ಗೊತ್ತಿಲ್ಲದಿರುವಿಕೆ ಬೇಕು.

ಭಾಯಿ ಹೇಳಿದ್ದನ್ನು ನಾನು ಅವ್ವನಿಗೆ ಹೇಳಿದೆ. ಅವಳು, "ನಾನ್ ಅಂದ್ಕೊಂಡಿದ್ದೆ" ಎಂದಳು.

ಈಗ ನಮ್ಮ ಕೇರಿಯಲ್ಲಿ ಮನೆಮನೆಗೂ ಟಿ.ವಿ. ಇದೆ, ಗೋಡೆಗೆ ಅಂಟಿಕೊಂಡ ತೆಳ್ಳನೆಯವು, ಯಾವ ಕಡೆ ತಿರುಗಿಸಿದರೂ ಬಣ್ಣ ಕೆಡದವು. ಗೌಡರ ಆ ಸೆಟ್ಟು ಗುಜರಿಗೆ ಹೋಯಿತಂತೆ. ಹೋದದ್ದು ಅಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಆ ಕೃಷಿ ಕಾರ್ಯಕ್ರಮದ ಪ್ರತಿಗಾಗಿ ಎರಡು ಮೂರು ಕಡೆ ಕೇಳಿದೆ, ಪರಿಚಯದವರಿಂದ ಕೇಳಿಸಿದೆ. ಸಿಗಲಿಲ್ಲ. ಅವ್ವನ ಆ ವಯಸ್ಸಿನ ಒಂದು ಫೋಟೋ ಕೂಡ ನಮ್ಮ ಹತ್ತಿರ ಇಲ್ಲ. ಅವಳು ನಲವತ್ತು ದಾಟುವ ಮುಂಚೆ ಹೇಗಿದ್ದಳೆಂದು ಅವಳ ಮೊಮ್ಮಕ್ಕಳಿಗೆ ತೋರಿಸಲು ಏನೂ ಇಲ್ಲ. ಆ ಮುಖ ಒಂದು ಸಂಜೆ ಸರಿಯಾದ ಬಣ್ಣದಲ್ಲಿ, ಒಂದು ಗಳಿಗೆ ಕಾಣಿಸಿಕೊಂಡಿತ್ತು. ನೋಡಿದವರು ಮರೆತಿದ್ದಾರೆ. ನೋಡಬೇಕೆಂದು ಕಾದವಳಿಗೆ ತೋರಿಸಲಿಲ್ಲ.

ಹೋದ ಸಲ ಊರಿಗೆ ಹೋದಾಗ ಅವ್ವ ಹೊರಗೆ ಬಿಸಿಲಿಗೆ ಕೂತು ನನ್ನ ಮಗಳ ತಲೆ ಬಾಚುತ್ತಿದ್ದಳು. ಮಾತಾಡುತ್ತಾ ನಗುತ್ತಿದ್ದಳು. ನಾನು ಫೋನಿನಲ್ಲಿ ಅದನ್ನು ತೆಗೆದು ಅವಳಿಗೆ ತೋರಿಸಿದೆ. ಅವಳು ಕಣ್ಣಿಗೆ ಹತ್ತಿರ ಹಿಡಿದುಕೊಂಡು ಕೊನೆಯವರೆಗೂ ನೋಡಿದಳು. ಮತ್ತೊಂದು ಸಲ ಹಾಕು ಎಂದಳು, ಹಾಕಿದೆ.

"ಇವ್ಳು ಮುದುಕಿ" ಎಂದಳು. ಆಮೇಲೆ, ಇಷ್ಟು ಚಿಕ್ಕ ಪೆಟ್ಟಿಗೆಯಲ್ಲಿ ಇಷ್ಟೊಂದು ಇರುವುದಾದರೆ ಅದೂ ಇರಬಹುದು ಎನ್ನುವ ಹಾಗೆ, ಕೇಳಿದಳು: "ಅವತ್ತಿಂದು ಇದ್ರಾಗೆ ಐತಾ?"

"ಇಲ್ಲ ಕಣವ್ವ."

"ಹೂಂ" ಎಂದು ಫೋನನ್ನು ನನ್ನ ಕೈಗೆ ಕೊಟ್ಟು, ಬಾಚಣಿಗೆ ತೆಗೆದುಕೊಂಡಳು.